ಉಂಗುರದಲ್ಲಿ ಎಲ್ಲಿ ಉಳಿಸಬಹುದು, ಎಲ್ಲಿ ಉಳಿಸಬಾರದು

ಮದುವೆ ಉಂಗುರ ನೋಡಲು ಬಂದವರು ಮೊದಲು ಡಿಸೈನ್ ತೋರಿಸಿ ಅನ್ನುತ್ತಾರೆ. ನಾನು ಬೆರಳು ತೋರಿಸಿ ಅನ್ನುತ್ತೇನೆ. ಸಣ್ಣ ಬೆರಳಿಗೆ ಅಗಲದ ಉಂಗುರ ಒಪ್ಪುವುದೂ ಇಲ್ಲ, ಬೇಕಾಗುವುದೂ ಇಲ್ಲ. ದುಡ್ಡು ಉಳಿಯುವುದು ಅಲ್ಲಿಂದಲೇ.

ಸಾದಾ ಚಿನ್ನದ ಉಂಗುರದ ಬೆಲೆಯಲ್ಲಿ ದೊಡ್ಡ ಪಾಲು ತೂಕದ್ದು. ದಪ್ಪ ಅಷ್ಟೇ ಇಟ್ಟುಕೊಂಡು ಅಗಲವನ್ನು 4 ಮಿಲಿಮೀಟರ್‌ನಿಂದ 2.5ಕ್ಕೆ ಇಳಿಸಿದರೆ ತೂಕ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಇಳಿಯುತ್ತದೆ. ಹಾಕಿಕೊಂಡ ಎರಡು ದಿನಕ್ಕೆ ಆ ವ್ಯತ್ಯಾಸ ಮರೆತೇ ಹೋಗುತ್ತದೆ. ದಪ್ಪದಲ್ಲಿ ಮಾತ್ರ ಜಿಪುಣತನ ಬೇಡ. 1.5 ಮಿಲಿಮೀಟರ್‌ಗಿಂತ ತೆಳ್ಳಗಾದರೆ ಭಾರದ ಚೀಲ ಹಿಡಿದಾಗಲೆಲ್ಲ ಉಂಗುರ ಸೊಟ್ಟಗಾಗುತ್ತಾ ಬರುತ್ತದೆ. ಒಳಗಡೆ ತೋಡಿ ತೂಕ ಇಳಿಸಿದ ಉಂಗುರಗಳೂ ಇವೆ. ಮೇಲಿಂದ ಮೈತುಂಬಿಕೊಂಡಂತೆ ಕಾಣುತ್ತವೆ. ತಿರುಗಿಸಿ ಒಳಮೈ ನೋಡಿ.

ಕ್ಯಾರೆಟ್ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅನ್ನುವ ನಂಬಿಕೆ ಸರಕ್ಕೆ ಸರಿ ಇರಬಹುದು. ಉಂಗುರದ ಕತೆ ಬೇರೆ. ದಿನವಿಡೀ ಅದು ಏನಕ್ಕಾದರೂ ತಾಗುತ್ತಲೇ ಇರುತ್ತದೆ. 22 ಕ್ಯಾರೆಟ್‌ನಲ್ಲಿ ನೂರಕ್ಕೆ 91.6 ಪಾಲು ಚಿನ್ನ, 18ರಲ್ಲಿ 75, 14ರಲ್ಲಿ 58.5. ಉಳಿದದ್ದು ತಾಮ್ರ, ಬೆಳ್ಳಿಯಂಥ ಲೋಹಗಳು. ಗಟ್ಟಿತನ ಬರುವುದೇ ಆ ಬೆರಕೆಯಿಂದ. ಹರಳು ಕೂರಿಸುವುದಾದರೆ ನನ್ನ ಓಟು 18ಕ್ಕೆ, ಕೈ ಬಿಗಿಯಾಗಿದ್ದರೆ 14ಕ್ಕೆ. ಮಾರುವಾಗ ಕಡಿಮೆ ಸಿಗುತ್ತದಲ್ಲ ಅನ್ನುತ್ತಾರೆ. ನಿಜ, ಆದರೆ ಕೊಂಡಿದ್ದೂ ಕಡಿಮೆಗೇ ಅಲ್ವಾ? ಒಳಗೆ 916, 750, 585 ಅಂತ ಮುದ್ರೆ ಇದೆಯೇ ಅಂತ ಭೂತಗನ್ನಡಿ ಕೇಳಿ ನೋಡಿ. ಸಂಕೋಚ ಬೇಡ.

ಬಿಳಿ ಚಿನ್ನ ಕೇಳುವವರಿಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಆ ಹೊಳಪು ಸಾಮಾನ್ಯವಾಗಿ ಮೇಲಿನ ರೋಡಿಯಂ ಅನ್ನುವ ಬಿಳಿ ಲೋಹದ ಲೇಪದ್ದು. ಅದು ಸವೆಯುತ್ತದೆ, ಮತ್ತೆ ಮತ್ತೆ ಹಾಕಿಸಬೇಕು. ಅದೂ ಖರ್ಚೇ. ಪ್ಲಾಟಿನಂ ಬಣ್ಣ ಹಾಗೇ ಉಳಿಯುತ್ತದೆ, ಆದರೆ ಅದು ಭಾರದ ಲೋಹ. ಅದೇ ಅಳತೆಯ ಉಂಗುರ 18 ಕ್ಯಾರೆಟ್ ಚಿನ್ನಕ್ಕಿಂತ ಕಾಲುಭಾಗಕ್ಕೂ ಹೆಚ್ಚು ತೂಗುತ್ತದೆ. ಬೆಳ್ಳಿಯ ಮೇಲೆ ಚಿನ್ನದ ನೀರು ಕೊಟ್ಟದ್ದು ಓಲೆಗೆ ಸಾಕು. ಉಂಗುರದಲ್ಲಿ ಅಂಗೈ ಕಡೆಯ ಲೇಪ ಮೊದಲು ಹೋಗುತ್ತದೆ.

ಟೈಟಾನಿಯಂ, ಟಂಗ್‌ಸ್ಟನ್ ಕಾರ್ಬೈಡ್ ಅಗ್ಗ, ನೋಡಲೂ ಚೆಂದ. ಆದರೆ ಟಂಗ್‌ಸ್ಟನ್ ಉಂಗುರದ ಅಳತೆ ಬದಲಿಸಲು ಆಗುವುದಿಲ್ಲ, ಟೈಟಾನಿಯಂನದು ತೀರಾ ಕಷ್ಟ. ಒಬ್ಬರು ಮದುವೆಯಾಗಿ ಕೆಲವು ವರ್ಷಕ್ಕೆ ಊದಿದ ಬೆರಳಿನೊಂದಿಗೆ ನನ್ನ ಮುಂದೆ ಕೂತಿದ್ದರು. ಅವರ ಟಂಗ್‌ಸ್ಟನ್ ಉಂಗುರವನ್ನು ಇಕ್ಕಳದಲ್ಲಿ ಬಿಗಿದು ಒಡೆದೇ ತೆಗೆಯಬೇಕಾಯಿತು. ಅದು ಬಾಗುವುದಿಲ್ಲ, ಸಿಡಿಯುತ್ತದೆ. ಮೈ ಬದಲಾದರೆ ಹೊಸದು ಕೊಳ್ಳುತ್ತೇನೆ ಅನ್ನುವ ಮನಸ್ಸಿದ್ದರೆ ಧಾರಾಳವಾಗಿ ತಗೊಳ್ಳಿ.

ವಜ್ರದ ಕ್ಯಾರೆಟ್ ಬೇರೆ, ಅದು ತೂಕ. ಒಂದು ಕ್ಯಾರೆಟ್ ಅಂದರೆ 0.2 ಗ್ರಾಂ. ತೂಕ ಸರಿಯಾಗಿ ಒಂದಕ್ಕೆ ಮುಟ್ಟಿದ ಕೂಡಲೇ ಬೆಲೆ ಜಿಗಿಯುತ್ತದೆ. 0.9 ಕ್ಯಾರೆಟ್‌ನ ದುಂಡು ವಜ್ರ ಸುಮಾರು 6.2 ಮಿಲಿಮೀಟರ್ ಅಗಲ, ಒಂದು ಕ್ಯಾರೆಟ್‌ನದು 6.5. ಹೇಳದೆ ಯಾರಿಗೂ ಗೊತ್ತಾಗುವುದಿಲ್ಲ. ಲ್ಯಾಬ್‌ನಲ್ಲಿ ಬೆಳೆದ ವಜ್ರವೂ ಅದೇ ಇಂಗಾಲ, ಅದೇ ಗಟ್ಟಿತನ. ಮರುಮಾರಾಟದ ಆಸೆ ಮಾತ್ರ ಇಟ್ಟುಕೊಳ್ಳಬೇಡಿ. ವಜ್ರದ ಹಾಗೇ ಕಾಣುವ ಮೊಯ್ಸನೈಟ್ ಅನ್ನುವ ಹರಳು ಇನ್ನೂ ಅಗ್ಗ, ಗಟ್ಟಿತನದ ಅಳತೆಯಲ್ಲಿ ವಜ್ರಕ್ಕೆ 10 ಆದರೆ ಇದಕ್ಕೆ 9.25. ಕ್ಯೂಬಿಕ್ ಜಿರ್ಕೋನಿಯಾ ಅನ್ನುವ ಕೃತಕ ಹರಳು ದಿನಾ ಹಾಕಿದರೆ ಗೀರು ಬಿದ್ದು ಮಂಕಾಗುತ್ತದೆ.

ಬಿಲ್ಲಿನಲ್ಲಿ ಲೋಹದ ತೂಕ, ಹರಳಿನ ತೂಕ, ಮಜೂರಿ ಬೇರೆ ಬೇರೆ ಬರೆಸಿ. ಎಲ್ಲ ಒಟ್ಟಿಗೆ ತೂಗಿದರೆ ಹರಳಿಗೂ ಚಿನ್ನದ ದರ ಕೊಟ್ಟಂತಾಗುತ್ತದೆ. ಹಳೆ ಚಿನ್ನ ಕರಗಿಸಿ ಮಾಡಿಸುವುದಾದರೆ ಬೆಸುಗೆ ಜಾಸ್ತಿ ಇರುವ ಒಡವೆ ಬೇಡ. ಕರಗಿದಾಗ ಶುದ್ಧತೆ ಇಳಿಯುತ್ತದೆ.

ಅಳತೆಯನ್ನು ದಾರ ಸುತ್ತಿ ತರಬೇಡಿ, ದಾರ ಎಳೆದರೆ ಹಿಗ್ಗುತ್ತದೆ. ಸಂಜೆ ಹೊತ್ತು, ಮೈ ಬೆಚ್ಚಗಿರುವಾಗ ಬಂದು ಅಳತೆಯ ಉಂಗುರಗಳನ್ನೇ ಹಾಕಿ ನೋಡಿ. ಗೆಣ್ಣು ದಾಟುವಾಗ ಸ್ವಲ್ಪ ತಡೆಯಬೇಕು, ದಾಟಿದ ಮೇಲೆ ಒತ್ತಬಾರದು. ಅಗಲದ ಉಂಗುರವೇ ಬೇಕು ಅಂದರೆ ಅರ್ಧ ಸೈಜು ದೊಡ್ಡದು ತಗೊಳ್ಳಿ.