ಸೇದುವ ಬಗೆಗೆ ತಕ್ಕ ವೇಪ್: ಆಯ್ಕೆಯ ಹಿಂದಿನ ಲೆಕ್ಕ

ದ್ರವವನ್ನು ಕಾಯಿಸಿ ಆವಿ ಸೇದುವ ವೇಪ್, ಅಂದರೆ ಇ-ಸಿಗರೇಟು, ಆರಿಸುವಾಗ ಹೆಚ್ಚಿನವರ ಕಣ್ಣು ಮೊದಲು ಹೋಗುವುದು ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಬರೆದ ವ್ಯಾಟ್ ಸಂಖ್ಯೆಯ ಮೇಲೆ. 200 ವ್ಯಾಟಿನದು 20 ವ್ಯಾಟಿನದಕ್ಕಿಂತ ಒಳ್ಳೆಯದೇ ಇರಬೇಕು ಎಂದು ಅವರ ಎಣಿಕೆ. ಆದರೆ ದಿನಕ್ಕೊಂದು ಪ್ಯಾಕ್ ಸಿಗರೇಟು ಸೇದುತ್ತಿದ್ದವರು ಅದನ್ನು ಬಿಡಲು ವೇಪ್ ಹಿಡಿದರೆ, 12 ವ್ಯಾಟಿನ ಸಣ್ಣ ಪಾಡ್ (ದ್ರವದ ಪುಟ್ಟ ಗೂಡು ಸಿಕ್ಕಿಸುವ ಕಿರು ವೇಪ್) ಅವರಿಗೆ ಒಗ್ಗುವಷ್ಟು ದೊಡ್ಡ ಯಂತ್ರ ಒಗ್ಗುವುದಿಲ್ಲ. ದಮ್ಮು ಎಳೆಯುವ ಬಗೆ, ದ್ರವ ಕಾಯಿಸುವ ತಂತಿಸುರುಳಿಯಾದ ಕಾಯಿಲ್‌ನ ರೋಧ, ದ್ರವದ ಮಂದತೆ, ನಿಕೋಟಿನ್‌ನ ಪ್ರಮಾಣ ಇವೆಲ್ಲ ಒಂದಕ್ಕೊಂದು ಹೊಂದಬೇಕು. ಸುಟ್ಟ ರುಚಿ, ಸೋರಿಕೆ, ತಲೆಸುತ್ತು, ಕೆಲವೇ ದಿನದಲ್ಲಿ ಹಾಳಾದ ಕಾಯಿಲ್ ಎಂಬ ದೂರುಗಳ ಬುಡ ಹುಡುಕಿದರೆ ಬಹುಪಾಲು ಸಿಗುವುದು ಈ ಹೊಂದಾಣಿಕೆಯ ಕೊರತೆಯೇ.

ಮುಂದೆ ಹೇಳುವುದೆಲ್ಲ ಈಗಾಗಲೇ ಸಿಗರೇಟು ಸೇದುತ್ತಿರುವ ವಯಸ್ಕರಿಗೆ ಮಾತ್ರ. ವೇಪ್‌ನಲ್ಲಿ ಏನೂ ಉರಿಯುವುದಿಲ್ಲವಾದ್ದರಿಂದ ಟಾರ್ ಹುಟ್ಟುವುದಿಲ್ಲ, ಕಾರ್ಬನ್ ಮಾನಾಕ್ಸೈಡ್ ಕೂಡ ಹೊಗೆಯಲ್ಲಿರುವ ಮಟ್ಟಕ್ಕೆ ಬರುವುದಿಲ್ಲ. ಆದರೆ ನಿಕೋಟಿನ್ ಇದೆ, ಅದರ ಚಟವೂ ಇದೆ. ಹತ್ತಾರು ವರ್ಷ ಬಳಸಿದರೆ ಏನಾಗುತ್ತದೆಂದು ತಿಳಿಯುವಷ್ಟು ಕಾಲ ಈ ಸಾಧನ ಬಳಕೆಗೆ ಬಂದು ಇನ್ನೂ ಆಗಿಲ್ಲ. ಸೇದದವರು, ಹದಿಹರೆಯದವರು, ಗರ್ಭಿಣಿಯರು ಇದನ್ನು ಶುರುಮಾಡಲು ಯಾವ ಕಾರಣವೂ ಇಲ್ಲ. ಕಾನೂನೂ ಎಲ್ಲ ಕಡೆ ಒಂದೇ ಅಲ್ಲ. ಭಾರತ 2019ರಲ್ಲಿ ಇವುಗಳ ತಯಾರಿಕೆ, ಆಮದು, ಮಾರಾಟ, ಜಾಹೀರಾತುಗಳನ್ನು ನಿಷೇಧಿಸಿತು. ಯುರೋಪಿಯನ್ ಒಕ್ಕೂಟ ಮಾರಲು ಬಿಟ್ಟಿದೆ, ಆದರೆ ನಿಕೋಟಿನ್ ದ್ರವಕ್ಕೆ ಮಿಲಿಲೀಟರಿಗೆ 20 ಮಿಲಿಗ್ರಾಂ, ಟ್ಯಾಂಕಿಗೆ 2 ಮಿಲಿಲೀಟರ್, ಬಾಟಲಿಗೆ 10 ಮಿಲಿಲೀಟರ್ ಮಿತಿ ಹಾಕಿದೆ. ಬ್ರಿಟನ್ 2025ರ ಜೂನ್ 1ರಿಂದ ಬಳಸಿ ಬಿಸಾಡುವ ವೇಪ್‌ಗಳ ಮಾರಾಟ ನಿಲ್ಲಿಸಿದೆ. ತಾವಿರುವ ಜಾಗದ ನಿಯಮ ತಿಳಿದುಕೊಳ್ಳುವುದೇ ಮೊದಲ ಕೆಲಸ.

ಹೊರಗಿನ ರೂಪ ಏನೇ ಇರಲಿ, ಒಳಗಿನ ಏರ್ಪಾಡು ಒಂದೇ. ಬ್ಯಾಟರಿಯಿಂದ ವಿದ್ಯುತ್ ಹರಿದು ಲೋಹದ ತಂತಿಯ ಸುರುಳಿ, ಅಂದರೆ ಕಾಯಿಲ್, ಕಾಯುತ್ತದೆ. ಸುರುಳಿಗೆ ಅಂಟಿಕೊಂಡಿರುವ ಹತ್ತಿ ದೀಪದ ಬತ್ತಿ ಎಣ್ಣೆ ಹೀರುವಂತೆ ಟ್ಯಾಂಕಿನ ದ್ರವವನ್ನು ಹೀರಿ ತರುತ್ತದೆ. ಬಿಸಿಗೆ ದ್ರವ ಆವಿಯಾಗಿ, ತಣ್ಣನೆ ಗಾಳಿಗೆ ಸೋಕಿದೊಡನೆ ಸೂಕ್ಷ್ಮ ಹನಿಗಳಾಗುತ್ತದೆ. ಬಿಳಿ ಮೋಡದಂತೆ ಕಾಣುವುದು ಈ ಹನಿಗಳು. 2003ರಲ್ಲಿ ಚೀನಾದ ಔಷಧತಜ್ಞ ಹೋನ್ ಲಿಕ್ ರೂಪಿಸಿದ ಮೊದಲ ಮಾದರಿಯಲ್ಲಿ ದ್ರವವನ್ನು ಒಡೆಯಲು ಅಲ್ಟ್ರಾಸೌಂಡ್ ಕಂಪನ ಬಳಸಿದ್ದರು. ಸರಳವೂ ಅಗ್ಗವೂ ಆದ ಕಾಯುವ ತಂತಿ ಬೇಗನೆ ಅದರ ಜಾಗ ಹಿಡಿಯಿತು.

ಇನ್ನು ದಮ್ಮಿನ ಮಾತು. ಸಿಗರೇಟು ಸೇದುವವರು ಹೊಗೆಯನ್ನು ಮೊದಲು ಬಾಯಿಗೆ ಎಳೆದು, ಆಮೇಲೆ ಉಸಿರಿನ ಜೊತೆ ಶ್ವಾಸಕೋಶಕ್ಕೆ ಇಳಿಸುತ್ತಾರೆ. ವೇಪ್‌ನಲ್ಲಿ ಇದಕ್ಕೆ ಎಂಟಿಎಲ್ ಎನ್ನುತ್ತಾರೆ. ಹುಕ್ಕಾ ಸೇದಿದಂತೆ ಒಂದೇ ಉಸಿರಿಗೆ ನೇರವಾಗಿ ಎದೆಗೆ ಎಳೆದರೆ ಅದು ಡಿಎಲ್. ಎರಡಕ್ಕೂ ಬೇಕಾದ ಯಂತ್ರ ಬೇರೆ. ಎಂಟಿಎಲ್ ಸಾಧನದ ಗಾಳಿರಂಧ್ರ 1ರಿಂದ 2 ಮಿಲಿಮೀಟರ್ ಇದ್ದು ಎಳೆತ ಬಿಗಿಯಾಗಿರುತ್ತದೆ. ಕಾಯಿಲ್ ರೋಧ 0.8ರಿಂದ 1.4 ಓಮ್, ಶಕ್ತಿ 8ರಿಂದ 16 ವ್ಯಾಟ್. ಡಿಎಲ್‌ಗೆ ಅಗಲ ಗಾಳಿದಾರಿ, 0.1ರಿಂದ 0.3 ಓಮ್ ಕಾಯಿಲ್, 50ರಿಂದ 100 ವ್ಯಾಟ್ ಬೇಕು. ನಡುವೆ 0.4ರಿಂದ 0.8 ಓಮ್‌ನ, 20ರಿಂದ 35 ವ್ಯಾಟಿನ ಸಡಿಲ ದಮ್ಮಿನ ಸಾಧನಗಳೂ ಇವೆ. ಸಿಗರೇಟಿನಿಂದ ಬರುವವರು ಎಂಟಿಎಲ್‌ನಿಂದ ಶುರುಮಾಡುವುದೇ ಸರಿ. ಬಾಯಿಗೆ, ಕೈಗೆ, ಎದೆಗೆ ಅಭ್ಯಾಸವಾಗಿರುವ ಎಳೆತಕ್ಕೆ ಅದೇ ಹತ್ತಿರ. ಮೊದಲ ದಿನವೇ ಡಿಎಲ್ ಹಿಡಿದು ಕೆಮ್ಮಿ ಕೆಮ್ಮಿ ಸಿಗರೇಟಿಗೆ ಮರಳುವವರಿದ್ದಾರೆ. ಅದರಲ್ಲಿ ಅವರ ತಪ್ಪಿಲ್ಲ, ಕೈಗೆ ಬಂದ ಯಂತ್ರ ಅವರದಲ್ಲ, ಅಷ್ಟೆ. ಗಾಳಿರಂಧ್ರವನ್ನು ತಿರುಗಿಸಿ ಹಿಗ್ಗಿಸಿ ಕುಗ್ಗಿಸಲು ಬರುವ ಸಾಧನ ಸಿಕ್ಕರೆ ಅದನ್ನೇ ಆರಿಸಬೇಕು. ಎಳೆತದ ಬಿಗಿ ಎಷ್ಟು ಬೇಕೆಂಬುದು ಒಂದೆರಡು ವಾರ ಸೇದಿದ ಮೇಲಷ್ಟೇ ಗೊತ್ತಾಗುವ ವಿಷಯ.

ರೋಧ ಕಡಿಮೆಯಾದಷ್ಟೂ ಶಕ್ತಿ ಹೆಚ್ಚು ಬೇಕಾಗುವುದೇಕೆ ಎಂಬುದಕ್ಕೆ ಓಮ್ ನಿಯಮ ಸಾಕು. ವೋಲ್ಟೇಜ್ ಅನ್ನು ರೋಧದಿಂದ ಭಾಗಿಸಿದರೆ ವಿದ್ಯುತ್ ಪ್ರವಾಹ, ವೋಲ್ಟೇಜಿನ ವರ್ಗವನ್ನು ರೋಧದಿಂದ ಭಾಗಿಸಿದರೆ ವ್ಯಾಟ್. ಪೂರ್ತಿ ಚಾರ್ಜ್ ಆದ ಲಿಥಿಯಂ ಸೆಲ್ 4.2 ವೋಲ್ಟ್ ಕೊಡುತ್ತದೆ. ಅದನ್ನು ನೇರವಾಗಿ 1.2 ಓಮ್ ಕಾಯಿಲ್‌ಗೆ ಜೋಡಿಸಿದರೆ ಹರಿಯುವುದು 3.5 ಆಂಪಿಯರ್, ಹುಟ್ಟುವುದು ಸುಮಾರು 15 ವ್ಯಾಟ್. ಅದೇ ಸೆಲ್‌ಗೆ 0.2 ಓಮ್ ಕಾಯಿಲ್ ಸಿಕ್ಕರೆ 21 ಆಂಪಿಯರ್, 88 ವ್ಯಾಟ್. ಸಾಮಾನ್ಯ ಸೆಲ್‌ಗಳಲ್ಲಿ ಬಹಳಷ್ಟು ಆ 21 ಆಂಪಿಯರನ್ನು ಸತತವಾಗಿ ತಾಳುವುದಿಲ್ಲ. ನಿಯಂತ್ರಣ ಚಿಪ್ ಇಲ್ಲದ ಮೆಕ್ಯಾನಿಕಲ್ ಮಾಡ್ ಎಂಬ ವೇಪ್‌ಗಳು ಹೊಸಬರ ಕೈಗೆ ಬರಬಾರದು ಎನ್ನುವುದು ಇದಕ್ಕೇ. ಅವುಗಳಲ್ಲಿ ಪ್ರವಾಹ ತಡೆಯುವವರು ಯಾರೂ ಇಲ್ಲ.

ಚಿಪ್ ಇರುವ ಸಾಧನದಲ್ಲೂ ಒಂದು ಲೆಕ್ಕ ಮರೆಯಬಾರದು. ಸೆಲ್ ಖಾಲಿಯಾಗುತ್ತ 3.2 ವೋಲ್ಟಿಗೆ ಇಳಿದಾಗಲೂ ಚಿಪ್ ಕೇಳಿದಷ್ಟು ವ್ಯಾಟ್ ಕೊಡಲು ಹೋಗುತ್ತದೆ. ಆಗ 80 ವ್ಯಾಟಿಗೆ ಬೇಕಾಗುವುದು 25 ಆಂಪಿಯರ್, ಚಿಪ್‌ನ ನಷ್ಟ ಸೇರಿದರೆ 28ರ ಹತ್ತಿರ. ಒಂದೇ 18650 ಸೆಲ್ ಇರುವ ಸಾಧನದ ಮೇಲೆ 80 ವ್ಯಾಟ್ ಎಂದು ಬರೆದಿದ್ದರೂ, 20 ಆಂಪಿಯರ್ ತಾಳುವ ಸೆಲ್‌ನಲ್ಲಿ 55 ವ್ಯಾಟ್ ದಾಟದಿರುವುದು ಕ್ಷೇಮ. 18650 ಎಂದರೆ 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. 21700 ಅದಕ್ಕಿಂತ ದೊಡ್ಡದು, 21 ಮಿಲಿಮೀಟರ್ ದಪ್ಪ, 70 ಮಿಲಿಮೀಟರ್ ಉದ್ದ. ಅದರಲ್ಲಿ 4,000 ಮಿಲಿಆಂಪಿಯರ್ ಗಂಟೆ, ಅದಕ್ಕೂ ಹೆಚ್ಚು ಸಾಮರ್ಥ್ಯದವು ಸಿಗುತ್ತವೆ.

ಒಂದು ಚಾರ್ಜ್ ಎಷ್ಟು ದಮ್ಮು ಬರುತ್ತದೆಂದು ಮನೆಯಲ್ಲೇ ಲೆಕ್ಕ ಹಾಕಬಹುದು. 900 ಮಿಲಿಆಂಪಿಯರ್ ಗಂಟೆಯ ಪಾಡ್‌ನಲ್ಲಿ 3.7 ವೋಲ್ಟಿಗೆ ಸುಮಾರು 12,000 ಜೂಲ್ ಶಕ್ತಿ ಇದೆ. 12 ವ್ಯಾಟಿನಲ್ಲಿ ಮೂರು ಸೆಕೆಂಡಿನ ದಮ್ಮಿಗೆ 36 ಜೂಲ್ ಬೇಕು, ಅಂದರೆ ನಷ್ಟ ಕಳೆಯುವ ಮೊದಲು 330 ದಮ್ಮು. 2,500ರ 18650 ಸೆಲ್‌ನಲ್ಲಿ 3.6 ವೋಲ್ಟಿಗೆ 32,400 ಜೂಲ್ ಇದ್ದರೂ, 60 ವ್ಯಾಟಿನಲ್ಲಿ ನಾಲ್ಕು ಸೆಕೆಂಡ್ ಎಳೆಯುವವರಿಗೆ ಅದು 135 ದಮ್ಮಿಗೇ ಮುಗಿಯುತ್ತದೆ. ದೊಡ್ಡ ಯಂತ್ರ ಕೊಂಡು ಚಾರ್ಜ್ ನಿಲ್ಲುವುದಿಲ್ಲ ಎಂದು ದೂರುವವರಿಗೆ ಉತ್ತರ ಈ ಭಾಗಾಕಾರದಲ್ಲಿದೆ.

ದ್ರವಕ್ಕೆ ಬಂದರೆ, ಅದರಲ್ಲಿ ಮುಖ್ಯವಾಗಿರುವುದು ಎರಡು: ಪಿಜಿ ಎನ್ನುವ ಪ್ರೊಪಿಲೀನ್ ಗ್ಲೈಕಾಲ್, ವಿಜಿ ಎನ್ನುವ ಗ್ಲಿಸರಿನ್. ಪಿಜಿ ತೆಳ್ಳಗಿದ್ದು 188 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ, ರುಚಿಯನ್ನು ಚೆನ್ನಾಗಿ ಒಯ್ಯುತ್ತದೆ, ಗಂಟಲಿಗೆ ತುಸು ಖಾರ. ವಿಜಿ ಕುದಿಯುವುದು 290 ಡಿಗ್ರಿಗೆ. ಕೋಣೆಯ ಉಷ್ಣಾಂಶದಲ್ಲಿ ಅದು ಪಿಜಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಮಂದ. ಮೋಡ ದಟ್ಟವಾಗಿ ಬರುವುದು ಇದರಿಂದ. ಎಂಟಿಎಲ್ ಕಾಯಿಲ್‌ನ ಹತ್ತಿಗೆ ದ್ರವ ಸೇರುವ ತೂತುಗಳು ಚಿಕ್ಕವು. ಅಲ್ಲಿಗೆ 70 ಭಾಗ ವಿಜಿ ಇರುವ ದ್ರವ ಹಾಕಿದರೆ ಹೀರುವ ವೇಗ ಸಾಲದೆ ಹತ್ತಿ ಒಣಗಿ ಸುಡುತ್ತದೆ. ಡಿಎಲ್ ಟ್ಯಾಂಕಿಗೆ ಅರ್ಧಕ್ಕರ್ಧ ಬೆರೆತ ತೆಳುದ್ರವ ಹಾಕಿದರೆ ದೊಡ್ಡ ತೂತುಗಳ ಮೂಲಕ ಅದು ಗಾಳಿದಾರಿಗೆ ಇಳಿದು ಗೊಳಗೊಳ ಸದ್ದು ಮಾಡುತ್ತ ಸೋರುತ್ತದೆ. ಸಣ್ಣ ಪಾಡ್‌ಗೆ 50-50, ಡಿಎಲ್‌ಗೆ 70ರಷ್ಟು ವಿಜಿ ಎಂಬುದನ್ನು ನೆನಪಿಟ್ಟುಕೊಂಡರೆ ಅರ್ಧ ತೊಂದರೆ ಕಳೆಯಿತು.

ನಿಕೋಟಿನ್ ವಿಷಯದಲ್ಲಿ ತಪ್ಪು ಮಾಡಿದರೆ ಮೈಗೇ ತಟ್ಟುತ್ತದೆ. ಎಂಟಿಎಲ್ ಸೇದುವವರು ದಿನಕ್ಕೆ, ಮಿಲಿಲೀಟರಿಗೆ 18 ಮಿಲಿಗ್ರಾಂ ಸಾಂದ್ರತೆಯ ದ್ರವ 2 ಮಿಲಿಲೀಟರ್ ಖರ್ಚು ಮಾಡಿದರೆ ಆವಿಯಾಗುವ ನಿಕೋಟಿನ್ 36 ಮಿಲಿಗ್ರಾಂ. ಡಿಎಲ್‌ನಲ್ಲಿ 3 ಮಿಲಿಗ್ರಾಂನ 12 ಮಿಲಿಲೀಟರ್ ಖರ್ಚಾದರೂ ಅಷ್ಟೇ. ಹಾಗಾಗಿ 18ರ ದ್ರವವನ್ನು 70 ವ್ಯಾಟಿನ ಟ್ಯಾಂಕಿಗೆ ಸುರಿಯುವುದು ಅಪಾಯ. ಕೆಲವೇ ದಮ್ಮಿಗೆ ಓಕರಿಕೆ, ಬೆವರು, ತಲೆಸುತ್ತು, ಎದೆಬಡಿತ ಶುರುವಾಗುತ್ತದೆ. ಆಗ ಸಾಧನ ಕೆಳಗಿಟ್ಟು ಹೊರಗಿನ ಗಾಳಿಗೆ ಬರಬೇಕು, ವಾಂತಿ ನಿಲ್ಲದಿದ್ದರೆ ವೈದ್ಯರ ಬಳಿ ಹೋಗಬೇಕು. ಸಾದಾ ನಿಕೋಟಿನ್ ಕ್ಷಾರೀಯವಾದ್ದರಿಂದ ಸಾಂದ್ರತೆ ಏರಿದಂತೆ ಗಂಟಲು ಕೆರೆಯುತ್ತದೆ. ಅದಕ್ಕೆ ಬೆಂಜೋಯಿಕ್ ಆಮ್ಲದಂಥದ್ದು ಸೇರಿಸಿ ಮಾಡಿದ ನಿಕೋಟಿನ್ ಸಾಲ್ಟ್ ಮೃದು. ಈ ಮೃದುತ್ವ ಹೆಚ್ಚು ಸೇದುವವರಿಗೆ ಸಿಗರೇಟು ಬಿಡಲು ನೆರವಾಗುತ್ತದೆ ನಿಜ, ಆದರೆ ಎಳೆಯರಿಗೆ ಚಟ ಅಂಟಿಸುವುದೂ ಅದೇ. ಸಾಲ್ಟ್ ದ್ರವ ಸಣ್ಣ ಪಾಡ್‌ಗೆ ಮಾತ್ರ.

ಪಾಡ್‌ನಲ್ಲೇ ಎರಡು ಬಗೆ. ಎಳೆದರೆ ಸಾಕು ತಾನೇ ಹೊತ್ತಿಕೊಳ್ಳುವವುಗಳಲ್ಲಿ ಗಾಳಿಯ ಒತ್ತಡ ಗುರುತಿಸುವ ಸೆನ್ಸರ್ ಇರುತ್ತದೆ. ಸಿಗರೇಟಿನಿಂದ ಬಂದವರಿಗೆ ಇದು ಸಹಜ ಅನ್ನಿಸುತ್ತದೆ. ಆದರೆ ಸೋರಿದ ದ್ರವ ಸೆನ್ಸರ್‌ಗೆ ತಾಗಿದರೆ ಸಾಧನ ಮುಷ್ಕರ ಹೂಡುತ್ತದೆ, ಇಲ್ಲವೇ ಯಾರೂ ಎಳೆಯದಿದ್ದರೂ ಕಾಯತೊಡಗುತ್ತದೆ. ಬಟನ್ ಇರುವವು ಹೆಚ್ಚು ಬಾಳುತ್ತವೆ, ಜೇಬಿಗೆ ಹಾಕುವಾಗ ಆಫ್ ಮಾಡಬಹುದು. ಹೆಚ್ಚಿನವಕ್ಕೆ ಐದು ಬಾರಿ ಬೇಗಬೇಗ ಒತ್ತಿದರೆ ಸಾಕು. ಕಾಯಿಲ್ ಮಾತ್ರ ಬದಲಿಸಲು ಬರುವ ಪಾಡ್, ಇಡೀ ಪಾಡ್ ಎಸೆಯಬೇಕಾದದ್ದಕ್ಕಿಂತ ಕಸವನ್ನೂ ಖರ್ಚನ್ನೂ ತಗ್ಗಿಸುತ್ತದೆ. ಗಾಳಿದಾರಿ ಟ್ಯಾಂಕಿನ ಮೇಲ್ಭಾಗದಲ್ಲಿದ್ದರೆ ಸೋರಿಕೆ ಕಡಿಮೆ, ಕೆಳಗಿದ್ದರೆ ರುಚಿ ತುಸು ಚೆನ್ನ.

ಹೊಸ ಕಾಯಿಲ್ ಹಾಕಿದ ತಕ್ಷಣ ಬಟನ್ ಒತ್ತುವುದೇ ಎಲ್ಲರೂ ಮಾಡುವ ಅವಸರ. ಒಣ ಹತ್ತಿ ಒಂದೇ ದಮ್ಮಿಗೆ ಕರಕಲಾಗುತ್ತದೆ, ಆ ಕಾಯಿಲ್ ಮತ್ತೆ ಸರಿಹೋಗುವುದಿಲ್ಲ. ಮೊದಲು ಕಾಯಿಲ್‌ನ ಬದಿಯ ತೂತುಗಳಲ್ಲಿ ಕಾಣುವ ಹತ್ತಿಗೆ ಒಂದೊಂದು ಹನಿ ಹಾಕಿ, ನಡುಗೊಳವೆಗೆ ಎರಡು ಹನಿ ಬಿಟ್ಟು, ಟ್ಯಾಂಕ್ ತುಂಬಿಸಿ ಹತ್ತು ನಿಮಿಷ ಇಡಬೇಕು. ಆಮೇಲೆ ಕಾಯಿಲ್ ಮೇಲೆ ಬರೆದಿರುವ ವ್ಯಾಟ್ ವ್ಯಾಪ್ತಿಯ ಕೆಳತುದಿಯಿಂದ ಶುರುಮಾಡಿ, ಒಂದೊಂದೇ ವ್ಯಾಟ್ ಏರಿಸುತ್ತ ರುಚಿ ತುಂಬಿಬಂದಲ್ಲಿ ನಿಲ್ಲಿಸಬೇಕು. ಸುಟ್ಟ ವಾಸನೆ ಬಂದರೂ ಎಳೆಯುತ್ತಲೇ ಇರುವುದು ಬರೀ ರುಚಿಯ ಪ್ರಶ್ನೆ ಅಲ್ಲ. ದ್ರವ ಸಾಲದೆ ಕಾಯಿಲ್ ಮಿತಿಮೀರಿ ಕಾದರೆ ಗ್ಲಿಸರಿನ್ ಮತ್ತು ಪಿಜಿ ಒಡೆದು ಫಾರ್ಮಾಲ್ಡಿಹೈಡ್, ಅಸಿಟಾಲ್ಡಿಹೈಡ್, ಅಕ್ರೋಲೀನ್ ಹುಟ್ಟುತ್ತವೆ. ಆ ಕಹಿ ನಾಲಿಗೆಗೆ ತಟ್ಟಿದೊಡನೆ ನಿಲ್ಲಿಸಿ. ಕಾಯಿಲ್ ಒಂದರಿಂದ ಎರಡು ವಾರ ಬಾಳುತ್ತದೆ. ಸುಕ್ರಲೋಸ್ ಹಾಕಿದ ಅತಿ ಸಿಹಿ ದ್ರವಗಳು ತಂತಿಯ ಮೇಲೆ ಕಪ್ಪು ಅಂಟು ಕಟ್ಟಿಸಿ ಅದನ್ನು ಕೆಲವೇ ದಿನಕ್ಕೆ ಇಳಿಸುತ್ತವೆ.

ಸೋರಿಕೆಗೆ ಕಾರಣ ಹಲವು. ರಬ್ಬರ್ ಉಂಗುರ ಸವೆದಿರಬಹುದು, ನಡುಗೊಳವೆಗೆ ದ್ರವ ಬಿದ್ದಿರಬಹುದು, ಬಿಸಿಲಲ್ಲಿಟ್ಟು ದ್ರವ ತೆಳುವಾಗಿರಬಹುದು. ವಿಮಾನ ಮೇಲೇರಿದಾಗ ಹೊರಗಿನ ಒತ್ತಡ ಇಳಿದು ಟ್ಯಾಂಕಿನೊಳಗಿನ ಗಾಳಿ ಹಿಗ್ಗಿ ದ್ರವವನ್ನು ಹೊರದೂಡುತ್ತದೆ. ಪ್ರಯಾಣಕ್ಕೆ ಮುನ್ನ ಟ್ಯಾಂಕ್ ಖಾಲಿ ಮಾಡಬೇಕು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ 2015ರ ನಿಯಮದಂತೆ ಈ ಸಾಧನಗಳನ್ನು ಸಾಮಾನು ವಿಭಾಗಕ್ಕೆ ಒಪ್ಪಿಸುವ ಚೀಲದಲ್ಲಿ ಇಡುವಂತಿಲ್ಲ.

ಬಿಡಿ ಸೆಲ್‌ಗಳಿಗೆ ಪ್ಲಾಸ್ಟಿಕ್ ಡಬ್ಬಿ ಬೇಕೇಬೇಕು. ಸೆಲ್‌ನ ಉಕ್ಕಿನ ಮೈಯೆಲ್ಲ ಋಣ ಧ್ರುವ, ಧನ ಧ್ರುವದಿಂದ ಅದನ್ನು ಬೇರ್ಪಡಿಸಿರುವುದು ತೆಳುವಾದ ಹೊದಿಕೆ ಮಾತ್ರ. ಅದು ಹರಿದ ಸೆಲ್ ಜೇಬಿನಲ್ಲಿ ಬೀಗದಕೈಗೋ ನಾಣ್ಯಕ್ಕೋ ತಾಗಿದರೆ ಶಾರ್ಟ್ ಆಗಿ ಬೆಂಕಿ ಹತ್ತುತ್ತದೆ. ಹೊದಿಕೆ ಗೀಚಿದ್ದರೆ ಹೊಸದು ಹಾಕಿಸಿ, ಸೆಲ್ ನೆಗ್ಗಿದ್ದರೆ ಬಳಸಲೇಬೇಡಿ.

ದ್ರವ ಎಲ್ಲಿಂದ ಬಂತು ಎಂಬುದು ಯಂತ್ರದಷ್ಟೇ ಮುಖ್ಯ. 2019ರಲ್ಲಿ ಅಮೆರಿಕದ ವೇಪ್ ಸೇದುವವರಲ್ಲಿ ಹಬ್ಬಿದ ಶ್ವಾಸಕೋಶದ ಕಾಯಿಲೆಯಿಂದ 2020ರ ಫೆಬ್ರುವರಿ ಹೊತ್ತಿಗೆ 2,807 ಮಂದಿ ಆಸ್ಪತ್ರೆ ಸೇರಿದ್ದರು ಅಥವಾ ಮಡಿದಿದ್ದರು, ಸಾವಿಗೀಡಾದವರೇ 68. ಗಾಂಜಾದ ಅಮಲಿನ ಅಂಶವಾದ ಟಿಎಚ್‌ಸಿ ತುಂಬಿದ ಕಳ್ಳಸರಕಿಗೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್ ಅದರ ಮುಖ್ಯ ಕಾರಣವೆಂದು ಗೊತ್ತಾಯಿತು. ಎಣ್ಣೆಯಂಥ ಯಾವುದನ್ನೂ ಟ್ಯಾಂಕಿಗೆ ಹಾಕಬಾರದು. ನಿಕೋಟಿನ್ ಬಾಟಲಿ ಮಕ್ಕಳ ಕೈಗೆ ಸಿಗದ, ಬೀಗವಿರುವ ಜಾಗದಲ್ಲಿರಬೇಕು. 20 ಮಿಲಿಗ್ರಾಂನ 10 ಮಿಲಿಲೀಟರ್ ಬಾಟಲಿಯಲ್ಲಿ 200 ಮಿಲಿಗ್ರಾಂ ನಿಕೋಟಿನ್ ಇದೆ, ಪುಟ್ಟ ಮಗುವಿನ ಜೀವಕ್ಕೆ ಅದು ಕುತ್ತು. ಚರ್ಮಕ್ಕೆ ತಾಗಿದರೆ ಕೂಡಲೇ ಸೋಪು ಹಚ್ಚಿ ತೊಳೆಯಬೇಕು.

ಸಿಗರೇಟು ಪೂರ್ತಿ ನಿಂತ ಮೇಲೆ ನಿಕೋಟಿನ್ ಇಳಿಸುವಾಗಲೂ ಸಾಧನದ ಲೆಕ್ಕ ನೆನಪಿರಲಿ. 18ರಿಂದ 12ಕ್ಕೆ, 12ರಿಂದ 6ಕ್ಕೆ, ಒಂದೊಂದು ಮೆಟ್ಟಿಲಲ್ಲೂ ಕೆಲವು ವಾರ ನಿಂತು ಇಳಿಯಬೇಕು. ಸಾಂದ್ರತೆ ಇಳಿಸಿದ ದಿನವೇ ವ್ಯಾಟ್ ಏರಿಸಿದರೆ, ಅಥವಾ ದಿನಕ್ಕೆ 2 ಮಿಲಿಲೀಟರ್ ಖರ್ಚಾಗುತ್ತಿದ್ದದ್ದು 4 ಆದರೆ, ದೇಹ ತನ್ನ ಪಾಲನ್ನು ಬೇರೆ ದಾರಿಯಲ್ಲಿ ವಸೂಲು ಮಾಡುತ್ತಿದೆ ಎಂದರ್ಥ. ಬಾಟಲಿ ಎಷ್ಟು ದಿನ ಬಂತೆಂದು ಬರೆದಿಟ್ಟುಕೊಂಡರೆ ಇದು ಬೇಗ ಕಣ್ಣಿಗೆ ಬೀಳುತ್ತದೆ. ಆಗ ವ್ಯಾಟ್ ಹಳೆಯದಕ್ಕೇ ತಂದು, ಹಿಂದಿನ ಮೆಟ್ಟಿಲಿಗೆ ಮರಳಿ, ಎರಡು ವಾರ ಬಿಟ್ಟು ಮತ್ತೆ ಇಳಿಸಬೇಕು.