ಎನ್‌ಕ್ರಿಪ್ಶನ್ ಐತಲ್ರೀ, ಮತ್ತ್ಯಾಕ ಭಯ?

"ಸರ್, ಕೆನಾಲ್ ದಂಡಿಗೆ ನೀರಿನ ಮಟ್ಟ ಅಳೆಯೋ ಸೆನ್ಸರ್ ಹಾಕೀವಿ, 8 ದಿನಕ್ಕೊಮ್ಮೆ ಹುಡುಗ ಬೈಕ್ ಮ್ಯಾಲೆ ಹೋಗಿ ಡೇಟಾ ತರ್ತಾನ, ಎಲ್ಲಾ ಎನ್‌ಕ್ರಿಪ್ಟ್ ಐತಿ, ಸೇಫ್ ಅಲ್ಲೇನ್ರಿ?" ಅಂತ ಕೇಳೋರಿಗೆ ಎಷ್ಟು ಸಲ ಹೇಳೀನೋ ಲೆಕ್ಕ ಇಲ್ಲ, ಇನ್ನೊಮ್ಮೆ ಹೇಳ್ತೀನಿ: ಅಲ್ರೀ.

ಎಇಎಸ್ (ಕೀ ಇಲ್ಲದವ್ರಿಗೆ ಡೇಟಾ ಓದಾಕ ಬಾರದಂಗ ಮಾಡೋ, ಅಂದ್ರ ಎನ್‌ಕ್ರಿಪ್ಟ್ ಮಾಡೋ ಪದ್ಧತಿ) ಕೆಟ್ಟದ್ದು ಅಂತಲ್ಲ, 2001ರಿಂದ ಸ್ಟ್ಯಾಂಡರ್ಡ್ ಅದು, 128 ಬಿಟ್ ಕೀ ಊಹಿಸ್ತಾ ಕುಂತ್ರ ಜನ್ಮ ಸಾಲಂಗಿಲ್ಲ. ಆದ್ರ ಕಳ್ಳ ಯಾಕ ಊಹಿಸ್ಬೇಕು? ಕೀ ಅದೇ ಸೆನ್ಸರ್ ಡಬ್ಬಿಯೊಳಗಿನ ಚಿಪ್‌ನ್ಯಾಗ ಐತಿ. ಮನಿಗೆ ಕೀಲಿ ಹಾಕಿ ಕೀಲಿಕೈ ಚೌಕಟ್ಟಿನ ಮ್ಯಾಲೆ ಇಟ್ಟು ಜಾತ್ರಿಗೆ ಹೋದಂಗಾತು. ಆಫೀಸಿನ ಸರ್ವರ್‌ಗಾದ್ರ ವಾಚ್‌ಮನ್ ಇರ್ತಾನ, ಸಿಂಧನೂರು ಕಡೆ ಕಾಲುವಿ ಮ್ಯಾಲೆ ರಾತ್ರಿ ಯಾರಿರ್ತಾರ್ರೀ, ನಾಲ್ಕು ಸ್ಕ್ರೂ ಬಿಚ್ಚಿ, ಚಿಪ್ ಪರೀಕ್ಷೆ ಮಾಡಾಕ ಬಿಟ್ಟ ಡಿಬಗ್ ಪಿನ್ನಿಗೆ ವೈರ್ ಹಚ್ಚಿ, ಲಾಕ್ ಮಾಡದ ಚಿಪ್ ಇದ್ರ ಮೆಮೊರಿ ಪೂರ್ತಿ ಲ್ಯಾಪ್‌ಟಾಪಿಗೆ ಇಳಿಸ್ಕೊಂಡು, ಮತ್ತ ಸ್ಕ್ರೂ ಹಾಕಿ ಹೋಗ್ತಾನ. ಹುಡುಗ ಬರೋತನಕ ಯಾರಿಗೂ ಸುದ್ದಿ ಇಲ್ಲ, ಬಂದ ಮ್ಯಾಲೂ ಗೊತ್ತಾಗಂಗಿಲ್ಲ.

ಅದೂ ಬಿಡ್ರಿ, ಕಳ್ಳಗ ಓದೋದೇ ಬೇಕಾಗಿಲ್ಲ. ಮ್ಯಾಲಿನವ್ರು ರಾತ್ರಿ ನೀರು ಎಳೆದ ರೀಡಿಂಗ್ ಅಳಿಸಿದ್ರ ಮುಗೀತು, ಟೇಲೆಂಡಿನವ್ರ (ಕಾಲುವಿ ಕೊನಿಗಿರೋ ರೈತರ) ಹತ್ರ ಸಾಕ್ಷಿನೇ ಇಲ್ಲ. ಅಳಿಸಾಕ ಕೀ ಯಾಕ ಬೇಕು! 2008ರಾಗ ಸಂಶೋಧಕರಾದ ರಾಬರ್ಟೊ ಡಿ ಪಿಯೆಟ್ರೊ, ಜೀನ್ ಸುಡಿಕ್ ಮತ್ತ ಅವ್ರ ಜೊತೆಗಾರರು ಇಂಥಾ ಕಳ್ಳನ್ನೇ ಲೆಕ್ಕಕ್ಕ ತಗೊಂಡ್ರು, ಯಜಮಾನ ಬರೋದ್ರೊಳಗ ಡಬ್ಬಿಯಿಂದ ಡಬ್ಬಿಗೆ ಅಡ್ಡಾಡೋನು. ಅದಕ್ಕ ರೀಡಿಂಗನ್ನ ಹುಟ್ಟಿದ ಡಬ್ಬಿಯಾಗೇ ಇಡಬ್ಯಾಡ್ರಿ, ಸುತ್ತಲಿನ ಡಬ್ಬಿಗೂ ನಕಲು ಹೋಗ್ಲಿ, ಯಾವುದು ಯಾರದು ಅಂತ ನೋಡಿದವಂಗ ತಿಳೀಬಾರ್ದು. ಎನ್‌ಕ್ರಿಪ್ಶನ್ ಉಪಯೋಗಕ್ಕ ಬರೋದು ಇಲ್ಲಿ.

ಇನ್ನ ಕೀ. ದಿನಾ ಅದನ್ನ ಹ್ಯಾಶ್‌ಗೆ (ಹಿಂದಕ್ಕ ತಿರುಗಿಸಾಕ ಬಾರದ ಲೆಕ್ಕಕ್ಕ) ಹಾಕಿ ಹೊಸಾದು ಮಾಡಿ ಹಳೇದು ಅಳಿಸ್ಬೇಕು. ಗಂಗಾವತಿ ಮಿಲ್ಲಿಗೆ ಹೋದ ಭತ್ತ ಅಕ್ಕಿ ಆಗ್ತದ, ಅಕ್ಕಿ ತಿರುಗಿ ಭತ್ತ ಆಗಂಗಿಲ್ಲ, ಹಂಗೇ ಇವತ್ತಿನ ಕೀ ಸಿಕ್ಕವಂಗ ನಿನ್ನೇದು ಸಿಗಂಗಿಲ್ಲ. ನಾಳೇದು ಮಾತ್ರ ಸಿಗ್ತದ, ಮಿಲ್ಲು ಅವನ ಹತ್ರನೂ ಐತಲ್ಲ. ಅದಕ್ಕ ಪಕ್ಕದ ಡಬ್ಬಿಯಿಂದ ಒಂದಿಷ್ಟು ರ‍್ಯಾಂಡಮ್ ನಂಬರ್ ಇಸ್ಕೊಂಡು ಬೆರೆಸ್ಬೇಕು. ನಮ್ಮ ಮನಿ ಮೊಸರು ಕೆಟ್ರ ಬಾಜೂ ಮನಿಯಿಂದ ಹೆಪ್ಪು ತರಂಗಿಲ್ಲೇನು? ಕಳ್ಳ ಆ ಹೊತ್ತಿಗೆ ಪಕ್ಕದ ಡಬ್ಬೀನೂ ಕೈವಶ ಮಾಡ್ಕೊಂಡಿರ್ಲಿಲ್ಲ ಅಂದ್ರ ಡಬ್ಬಿ ತಾನೇ ಹುಷಾರಾಗ್ತದ. ಓಣಿ ತುಂಬ ಮೊಸರು ಕೆಟ್ಟಿದ್ರ ಏನೂ ಮಾಡಾಕ ಬರಂಗಿಲ್ಲ ಬಿಡ್ರಿ. (ಹೆಪ್ಪಿನ ಉದಾಹರಣೆ ನಂದೇ, ಇದನ್ನ ಹೇಳಿದ ಮ್ಯಾಲೆ ಡಿಪ್ಲೊಮಾ ಹುಡುಗ್ರು ಎರಡನೇ ಸಲ ಕೇಳಿಲ್ಲ.)

ಯಾರೂ ಕೇಳದ್ದು ಇನ್ನೊಂದೈತಿ. ಹೊಲದಾಗಿನ ಸೆನ್ಸರ್ ಪಂಪ್ ಚಾಲೂ ಆದಾಗ ಅಷ್ಟೇ ಸಿಗ್ನಲ್ ಬಿಡ್ತದ ಅಂದ್ರ, ಒಳಗಿನದು ಒಂದಕ್ಷರ ಓದದೇನೂ ಹೊರಗಿನವ್ರಿಗೆ ನಿಮ್ಮ ದಿನಚರಿ ಗೊತ್ತಾಗ್ತದ. ಮೂರು ದಿನ ಸಿಗ್ನಲ್ ಇಲ್ಲ, ಅಂದ್ರ ಹೊಲಕ್ಕ ಯಾರೂ ಬಂದಿಲ್ಲ, ಪಂಪ್ ಕೇಬಲ್ ಕೊಯ್ಯೋರಿಗೆ ಅಷ್ಟು ಸಾಕು. ಅದಕ್ಕ ಹೇಳೋದು ಇರ್ಲಿ ಬಿಡ್ಲಿ, 15 ನಿಮಿಷಕ್ಕೊಮ್ಮೆ ಒಂದೇ ಉದ್ದದ ಪ್ಯಾಕೆಟ್ ಹೋಗ್ತಿರ್ಬೇಕು. ಬ್ಯಾಟರಿ ಬೇಗ ಮುಗೀತದ, ಖರೆ. ಹುಡುಗ ಹೆಂಗೂ ಬೈಕ್ ಮ್ಯಾಲೆ ಬರ್ತಾನಲ್ಲ, ಬರುವಾಗ ಒಂದು ಸೆಲ್ ತರ್ಲಿ.