ಟೀಚರ್ ಗಂಟಲು ಕೂರುವುದೇಕೆ: ಬಿ.ಎಡ್. ಅಭ್ಯಾಸ ಪಾಠಕ್ಕೆ ಹೊರಟವರಿಗೆ ಟಿಪ್ಪಣಿ

ಧ್ವನಿಪೆಟ್ಟಿಗೆಯ ಚಿತ್ರವೂ ಭಾಗಗಳ ಹೆಸರುಗಳೂ ಪಠ್ಯದಲ್ಲೇ ಇವೆ, ಅದನ್ನು ಇಲ್ಲಿ ಬಿಟ್ಟಿದೆ. ಮಾತಾಡುವಾಗ ಅದರೊಳಗಿನ ಎರಡು ಧ್ವನಿತಂತುಗಳು (ಮೆತ್ತನೆಯ ಮಡಿಕೆಗಳು) ಒಂದಕ್ಕೊಂದು ಬಡಿಯುತ್ತವೆ: ಹೆಂಗಸರಲ್ಲಿ ಸೆಕೆಂಡಿಗೆ ಸುಮಾರು 200 ಸಲ, ಗಂಡಸರಲ್ಲಿ ಸುಮಾರು 120 ಸಲ. 40 ನಿಮಿಷದ ಪೀರಿಯಡ್‌ನಲ್ಲಿ ದನಿ ನಿಜವಾಗಿ ಹೊರಡುವುದು 15 ನಿಮಿಷ ಎಂದಿಟ್ಟುಕೊಳ್ಳಿ. ಅಂದರೆ 900 ಸೆಕೆಂಡು. 200ರಿಂದ ಗುಣಿಸಿದರೆ 1,80,000 ಬಡಿತ. ದಿನಕ್ಕೆ ಐದು ಪೀರಿಯಡ್ ಆದರೆ 9 ಲಕ್ಷ. ದನಿ ಏರಿಸಿದಷ್ಟೂ ಪ್ರತಿ ಬಡಿತದ ಪೆಟ್ಟು ಜೋರು.

ಗುದ್ದಲಿ ಹಿಡಿದ ಅಂಗೈ ಜಡ್ಡುಗಟ್ಟುವಂತೆ ತಂತುಗಳ ಅಂಚೂ ದಪ್ಪಗಾಗಿ ಗಂಟಾಗುತ್ತದೆ. ಸಾಮಾನ್ಯವಾಗಿ ಎರಡೂ ತಂತುಗಳಲ್ಲಿ, ಎದುರುಬದುರಾಗಿ, ಮುಂದಿನ ಮೂರನೇ ಒಂದು ಭಾಗ ಮುಗಿಯುವಲ್ಲಿ. ಅಲ್ಲೇ ಯಾಕೆ? ತಂತುವಿನ ಹಿಂಭಾಗದೊಳಗೆ ಮೃದ್ವಸ್ಥಿ ಇದೆ, ಅದು ಹೆಚ್ಚು ಅಲುಗದು. ಅಲುಗುವ ಭಾಗವನ್ನಷ್ಟೇ ಅಳೆದರೆ ಆ ಜಾಗ ನಟ್ಟನಡುವೆ ಬರುತ್ತದೆ. ಗಂಟು ಅಡ್ಡಬಂದಾಗ ತಂತುಗಳು ಪೂರ್ತಿ ಮುಚ್ಚುವುದಿಲ್ಲ, ಗಾಳಿ ಸೋರುತ್ತದೆ, ದನಿ ಒಡಕಾಗುತ್ತದೆ. ಹಿಂದಿನ ಬೆಂಚಿಗೆ ಕೇಳಲೆಂದು ಇನ್ನೂ ಒತ್ತುತ್ತೇವೆ, ಗಂಟು ಇನ್ನೂ ಬಲಿಯುತ್ತದೆ.

‘ಅರ್ಥ ಆಯ್ತಾ?’

ಸ್ವರಾಕ್ಷರದಿಂದ ಶುರುವಾಗುವ ಪದವನ್ನು ಗಟ್ಟಿಯಾಗಿ ಹೇಳುವಾಗ ತಂತುಗಳು ಮೊದಲೇ ಬಿಗಿದುಕೊಳ್ಳುತ್ತವೆ, ಕೆಳಗೆ ಗಾಳಿ ಕಟ್ಟುತ್ತದೆ, ಆಮೇಲೆ ಥಟ್ಟನೆ ಸಿಡಿದು ತೆರೆಯುತ್ತವೆ. ಆಡುಮಾತಿನಲ್ಲಿ ನಾವು ‘ಎಲ್ಲಿ’ಯನ್ನು ‘ಯೆಲ್ಲಿ’, ‘ಒಂದು’ವನ್ನು ‘ವೊಂದು’ ಅನ್ನುತ್ತೇವಲ್ಲ, ಆ ಯಕಾರ ವಕಾರಗಳು ದನಿಯನ್ನು ಮೆಲ್ಲಗೆ ಜಾರಿಸಿಕೊಡುತ್ತವೆ. ತರಗತಿಯಲ್ಲಿ ಶುದ್ಧ ಉಚ್ಚಾರಕ್ಕೆಂದು ಅದನ್ನು ಬಿಟ್ಟಾಗ ಪೆಟ್ಟು ಸುಲಭವಾಗಿ ಬೀಳುತ್ತದೆ. ಅ, ಆ ಎಂಬಲ್ಲಿ ಆ ಆಸರೆಯೂ ಇಲ್ಲ. ‘ಅರ್ಥ ಆಯ್ತಾ’, ‘ಆಮೇಲೆ’ ಎಂದು ಒಂದು ಪೀರಿಯಡ್‌ಗೆ ಎಷ್ಟು ಸಲ ಹೇಳುತ್ತೀರಿ ಎಣಿಸಿ ನೋಡಿ. ಅಭ್ಯಾಸ ಹೀಗೆ: ಮೊದಲು ‘ಹಾಮೇಲೆ’ ಎಂದು ಹಕಾರ ಸೇರಿಸಿ ಹತ್ತು ಸಲ ಹೇಳಿ, ನಂತರ ಹಕಾರವನ್ನು ಸಣ್ಣದು ಮಾಡುತ್ತಾ ಬಂದು ಕೊನೆಗೆ ಬರೀ ಉಸಿರಿನ ಎಳೆಯಷ್ಟೇ ಉಳಿಸಿ. ಅತಿ ಕೆಟ್ಟದ್ದು ‘ಏಯ್!’ ಎಂಬ ಕೂಗು. ಅದರ ಬದಲು ಮೇಜು ತಟ್ಟಿ.

ಸ್ಟ್ರಾ ಅಭ್ಯಾಸ: ಬಾಯಿ ಮುಚ್ಚಿದರೆ ಗಂಟಲಿಗೆ ಹೇಗೆ ಆರಾಮ?

ಸ್ಟ್ರಾ ಕಚ್ಚಿ, ಅದರ ತುದಿಯನ್ನು ನೀರಲ್ಲಿಟ್ಟು, ‘ಊ’ ಎಂದು ದನಿ ಹೊರಡಿಸುವುದೇ ಈ ಅಭ್ಯಾಸ. ಹೆಚ್ಚಿನವರು ತಡವರಿಸುವುದು ಇಲ್ಲೇ. ದಾರಿ ಕಿರಿದು ಮಾಡಿದರೆ ಒತ್ತಡ ಹೆಚ್ಚಬೇಕಲ್ಲ? ಹೌದು, ಹೆಚ್ಚುತ್ತದೆ. ಆದರೆ ಹೆಚ್ಚುವುದು ತಂತುಗಳ ಮೇಲ್ಗಡೆ, ಬಾಯೊಳಗೆ. ಬರೀ ಬಾಯಲ್ಲಿ ಮಾತಾಡುವಾಗ ತಂತುಗಳ ಕೆಳಗೆ ಶ್ವಾಸಕೋಶದ ಒತ್ತಡ, ಮೇಲೆ ಹೆಚ್ಚೇನೂ ಇಲ್ಲ. ಸ್ಟ್ರಾ ಕಚ್ಚಿ ‘ಊ’ ಎಂದಾಗ ಮೇಲೂ ಒತ್ತಡ ನಿಂತು, ತಂತುಗಳನ್ನು ತುಸು ಅಗಲಿಸಿ ಹಿಡಿಯುತ್ತದೆ. ಅವು ಕಂಪಿಸುತ್ತವೆ, ಆದರೆ ಬಡಿಯುವ ಜೋರು ಕಡಿಮೆ.

ಸ್ಟ್ರಾ ತುದಿ ನೀರಲ್ಲಿದ್ದರೆ ಈ ಒತ್ತಡವನ್ನು ಅಳೆಯಲೂಬಹುದು. 2 ಸೆಂ.ಮೀ. ಆಳದಲ್ಲಿ ಗುಳ್ಳೆ ಏಳಬೇಕಾದರೆ ಬಾಯೊಳಗೆ 2 ಸೆಂ.ಮೀ. ನೀರಿನಷ್ಟು ಒತ್ತಡ ಬೇಕೇ ಬೇಕು. ಸಾಧಾರಣ ಮಾತಿಗೆ ಶ್ವಾಸಕೋಶ ಕೊಡುವುದು ಸುಮಾರು 5ರಿಂದ 10 ಸೆಂ.ಮೀ. ಈಗ ಸ್ಟ್ರಾವನ್ನು ಲೋಟದ ತಳಕ್ಕೆ, 10 ಸೆಂ.ಮೀ. ಆಳಕ್ಕೆ ಇಳಿಸಿದರೆ? ಇದ್ದಬದ್ದ ಒತ್ತಡವೆಲ್ಲ ಗುಳ್ಳೆ ಎಬ್ಬಿಸುವುದಕ್ಕೇ ಹೋಗುತ್ತದೆ, ದನಿಗಾಗಿ ಕತ್ತು ಬಿಗಿಹಿಡಿದು ತಳ್ಳಬೇಕಾಗುತ್ತದೆ. ಆರಾಮಕ್ಕೆಂದು ಹಿಡಿದ ಅಭ್ಯಾಸ ಹೀಗೆ ತಿರುಗಿಬೀಳುತ್ತದೆ. ಆಳ 2 ಸೆಂ.ಮೀ., ಒಂದು ಬೆರಳಗಲಕ್ಕಿಂತ ಚೂರು ಹೆಚ್ಚು, ಸಾಕು.

ಬಾಟಲಿಗೆ ಅರ್ಧ ನೀರು ಹಾಕಿ. ಜ್ಯೂಸ್ ಕುಡಿಯುವ ದಪ್ಪದ ಸ್ಟೀಲ್ ಸ್ಟ್ರಾ ಅಥವಾ ಸಿಲಿಕೋನ್ ಪೈಪು ಒಳ್ಳೆಯದು. ಕಾಗದದ್ದು ನೆನೆದು ಚಪ್ಪಟೆಯಾಗುತ್ತದೆ. ತುಟಿ ಮುಚ್ಚಿ, ಕೆನ್ನೆ ಸಡಿಲ ಬಿಟ್ಟು, 5 ಸೆಕೆಂಡು ‘ಊ’. ಹತ್ತು ಸಲ. ಆಮೇಲೆ ಅದೇ ‘ಊ’ವನ್ನು ಕೆಳಗಿನಿಂದ ಮೇಲಕ್ಕೆ, ಮೇಲಿನಿಂದ ಕೆಳಕ್ಕೆ ಜಾರಿಸಿ. ಒಟ್ಟು ಮೂರು ನಿಮಿಷ, ಪೀರಿಯಡ್‌ಗಳ ನಡುವೆ. ಗುಳ್ಳೆ ಬಂದು ದನಿ ಬಾರದಿದ್ದರೆ ಬರೀ ಊದುತ್ತಿದ್ದೀರಿ. ದನಿ ಬಂದು ಗುಳ್ಳೆ ನಿಂತರೆ ಗಾಳಿ ಮೂಗಿನಲ್ಲೋ ತುಟಿಯಂಚಿನಲ್ಲೋ ಸೋರುತ್ತಿದೆ. ಮೂಗು ಹಿಡಿದು ಪರೀಕ್ಷಿಸಿ.

ಉಳಿದವು

ಗದ್ದಲದಲ್ಲಿ ನಮಗರಿವಿಲ್ಲದೆಯೇ ದನಿ ಏರುತ್ತದೆ. ಲೊಂಬಾರ್ಡ್ ಎಂಬ ಫ್ರೆಂಚ್ ವೈದ್ಯ ಇದನ್ನು 1911ರಲ್ಲೇ ಗುರುತಿಸಿದ. ಹಾಗಾಗಿ ಫ್ಯಾನಿನ ಕೆಳಗೆ ನಿಂತು ಪಾಠ ಬೇಡ. ಬಯಲಲ್ಲಿ ಕೇಳುಗರ ದೂರ ಅರ್ಧವಾದರೆ 6 ಡೆಸಿಬಲ್ ಲಾಭ, ಪಿ.ಟಿ. ಟೀಚರ್‌ಗಳು ಕೂಗುವ ಬದಲು ಹತ್ತಿರ ಹೋಗಲಿ. ಬೋರ್ಡಿಗೆ ಮುಖ ಮಾಡಿ ಮಾತಾಡಬೇಡಿ.

ಕುಡಿದ ನೀರು ತಂತುಗಳನ್ನು ಮುಟ್ಟುವುದಿಲ್ಲ, ಅದರ ದಾರಿಯೇ ಬೇರೆ; ಮೈಯೊಳಗಿಂದ ಬಂದು ಒದ್ದೆ ಮಾಡಬೇಕು. ಗಂಟಲು ಒಣಗಿದಾಗ ಗಟಗಟ ಕುಡಿಯುವುದಕ್ಕಿಂತ ಬೆಳಗಿನಿಂದ ಗುಟುಕು ಗುಟುಕಾಗಿ ಕುಡಿಯುವುದು ಮೇಲು. ಕ್ಯಾಕರಿಸುವುದು ತಂತುಗಳನ್ನು ತಿಕ್ಕಿದಂತೆ. ಅದರ ಬದಲು ಉಗುಳನ್ನು ಗಟ್ಟಿಯಾಗಿ ನುಂಗಿ. ಹುಳಿತೇಗು ಇದ್ದವರು ಉಂಡು ಮೂರು ಗಂಟೆ ಕಳೆದ ಮೇಲೆ ಮಲಗಿ.

ಗಂಟಲು ಕೂತಾಗ ಬಲವಂತದ ಪಿಸುಮಾತು ವಿಶ್ರಾಂತಿಯಲ್ಲ, ಅದರಲ್ಲೂ ಗಂಟಲು ಬಿಗಿಯುತ್ತದೆ. ಸುಮ್ಮನಿರಿ, ಇಲ್ಲವೇ ಮೆಲುದನಿಯಲ್ಲಿ ಮಾತಾಡಿ. ಮೂರು ವಾರವಾದರೂ ದನಿ ತಿಳಿಯಾಗದಿದ್ದರೆ ಕಿವಿ-ಮೂಗು-ಗಂಟಲು ವೈದ್ಯರಲ್ಲಿ ತೋರಿಸಿ. ರಕ್ತ, ಉಸಿರಾಟದ ಕಷ್ಟ, ನುಂಗಲು ತೊಂದರೆ, ಕತ್ತಿನಲ್ಲಿ ಗಡ್ಡೆ ಇದ್ದರೆ ಒಂದು ದಿನವೂ ಕಾಯಬೇಡಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ದನಿಯ ಪರೀಕ್ಷೆ, ಚಿಕಿತ್ಸೆ ಎರಡೂ ಇವೆ. ಹೋಗುವಾಗ ದಿನದ ಪೀರಿಯಡ್‌ಗಳೆಷ್ಟು, ಮಕ್ಕಳೆಷ್ಟು, ದನಿ ಕೆಡುವುದು ಬೆಳಿಗ್ಗೆಯೋ ಸಂಜೆಯೋ ಎಂದು ಬರೆದುಕೊಂಡು ಹೋಗಿ. ಬೆಳಿಗ್ಗೆ ಸರಿಯಿದ್ದು ಸಂಜೆಗೆ ಕೆಡುವ ದನಿ ದಣಿವಿನ ಕಡೆ ಬೆರಳು ಮಾಡುತ್ತದೆ. ಎದ್ದಾಗಲೇ ಒಡಕಾಗಿದ್ದರೆ ಹುಳಿತೇಗಿನ ಬಗ್ಗೆಯೂ ಕೇಳುತ್ತಾರೆ.